ತಾನೇ ಕೂಡಿಕೊಳ್ಳುವ ಪಟ್ಟಿ

ಎರಡು ವರ್ಷಗಳ ಹಿಂದೆ ನಾನು ಮೈಸೂರಿನ ಪ್ರಯೋಗಾಲಯವೊಂದಕ್ಕೆ ತಾಂತ್ರಿಕ ಅಧಿಕಾರಿಯಾಗಿ ಸೇರಿದೆ. ಮೆತ್ತನೆಯ ಪಾಲಿಮರ್ ಮೇಲೆ ವಿದ್ಯುತ್ ಹರಿಯುವ ಇಂಕಿನಿಂದ ಸರ್ಕ್ಯೂಟ್ ಪ್ರಿಂಟ್ ಮಾಡಿದ, ರಬ್ಬರಿನಂತೆ ಹಿಗ್ಗುವ ಸೆನ್ಸರ್ ಪಟ್ಟಿಗಳನ್ನು ರೋಗಿಗಳ ಮನೆಗಳಲ್ಲಿ ಪರೀಕ್ಷಿಸುವುದು ನನ್ನ ಕೆಲಸ. ಯಳಂದೂರು, ಕಾಮಗೆರೆ, ಹನೂರು ಎಲ್ಲ ಸುತ್ತಿದೆ. ಮರೆಯಲಾಗದ್ದು ಕೊಳ್ಳೇಗಾಲದ ಒಂದು ನೇಕಾರರ ಮನೆ.

ಆ ಮನೆಯ ರಾಮಲಿಂಗಪ್ಪನವರಿಗೆ ನರದ ಕಾಯಿಲೆ. ಮಾತು ನಿಂತಿತ್ತು, ಬಲಗೈಯ ಹೆಬ್ಬೆರಳೊಂದೇ ಆಡುತ್ತಿತ್ತು. ಗಂಟಲಲ್ಲಿ ಕಫ ಕಟ್ಟಿದರೆ ಯಾರಾದರೂ ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ಜೀವಕ್ಕೇ ಸಂಚಕಾರ. ಅವರ ಗೊರಗೊರ ಸದ್ದು ಪಡಸಾಲೆಯಲ್ಲಿ ರೇಷ್ಮೆ ನೇಯುವ ಹೆಂಡತಿ ಸಾವಿತ್ರಮ್ಮನಿಗೆ ಮಗ್ಗದ ಗದ್ದಲದಲ್ಲಿ ಕೇಳದು. ಹಾಗಂತ ಮಗ್ಗ ನಿಲ್ಲಿಸಿದರೆ ಒಲೆ ಉರಿಯದು.

ಪಟ್ಟಿಯನ್ನು ಅವರ ಹೆಬ್ಬೆರಳಿಗೆ ಸುತ್ತಿದೆವು. ಬೆರಳು ಬಾಗಿದರೆ ಮಗ್ಗದ ಪಕ್ಕದ ಬೆಲ್ ಆಗುತ್ತದೆ. ನನಗೂ ಸ್ವಲ್ಪ ಜಂಬವೇ ಅನ್ನಿ, ಇನ್ನೊಂದು ಪಟ್ಟಿಯನ್ನು ಅವರೆದುರೇ ಕತ್ತರಿಸಿ, ಎರಡೂ ತುದಿ ಸೇರಿಸಿ ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ತುಂಡುಗಳು ಕೂಡಿಕೊಂಡವು, ಬಾಗಿಸಿದರೆ ಬೆಲ್ ಆಯಿತು.

"ನಮ್ ಎಳೆ ಕಿತ್ತೋದ್ರೆ ನಾವೇ ಸೇರುಸ್ಬೇಕು. ಇದು ತಾನೇ ಸರೋಯ್ತದಲ್ಲ ಸಾ!" ಎಂದು ಸಾವಿತ್ರಮ್ಮ ನಕ್ಕರು.

ತಿಂಗಳಾದ ಮೇಲೆ ಅವರಿಂದ ಫೋನ್ ಬಂತು. ಮಾತಿಗಿಂತ ಅಳುವೇ ಹೆಚ್ಚು. ಹೊಸ ಪಟ್ಟಿ ಹಿಡಿದು ಓಡಿದೆ.

ನಡೆದದ್ದು ಇಷ್ಟು. ಗಂಡನ ಮೈ ಒರೆಸುವಾಗ ಪಟ್ಟಿ ಬಿಚ್ಚಿ, ರೇಷ್ಮೆ ಸೀರೆಯನ್ನು ಮಡಿಸುವಂತೆ ನಾಲ್ಕು ಮಡಿಕೆ ಮಾಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಸೀರೆಗಳ ಜೊತೆ ಭಾರದ ಹಲಗೆಯಡಿ ಒತ್ತಿಟ್ಟಿದ್ದಾರೆ. ಕತ್ತರಿಸಿದ ತುದಿಯೂ ಮಡಿಕೆಯೂ ಆ ಪಾಲಿಮರ್‌ಗೆ ಒಂದೇ, ಒತ್ತಿದರೆ ಅಂಟಿಕೊಳ್ಳುತ್ತದೆ. ತೆಗೆದಾಗ ಮಡಿಕೆಗಳೆಲ್ಲ ಕೂಡಿಕೊಂಡು ಗಟ್ಟಿಯಾಗಿ ಮುದ್ದೆ ಕಟ್ಟಿತ್ತು. ಪ್ರಯೋಗಾಲಯದಲ್ಲಿ ಅದನ್ನು ಬಟರ್ ಪೇಪರ್ ನಡುವೆ ಹರಡಿಯೇ ಇಡುತ್ತೇವೆ, ಯಾರಾದರೂ ಮಡಿಸಿಟ್ಟಾರು ಎಂದು ನಮಗೆ ಹೊಳೆದಿರಲಿಲ್ಲ.

"ತಾನೇ ಸರೋಯ್ತದೆ ಅಂತ ಅಂಗೇ ಬೆರಳ್ಗೆ ದಾರ್ದಲ್ಲಿ ಕಟ್ಬುಟ್ಟು ಮಗ್ಗಕ್ಕೆ ಕೂತ್ಕಂಡೆ ಸಾ."

ಕಫ ಕಟ್ಟಿತು. ರಾಮಲಿಂಗಪ್ಪ ಬೆರಳು ಬಾಗಿಸಿದರು, ಗಟ್ಟಿಯಾದ ಪಟ್ಟಿ ಹಿಗ್ಗದೆ ಬೆಲ್ ಆಗಲಿಲ್ಲ. ಅದೇ ಹೊತ್ತಿಗೆ ಮಗ್ಗದಲ್ಲಿ ಎಳೆಯೊಂದು ಕಿತ್ತುಹೋಯಿತು. ಸೇರಿಸಲೆಂದು ಮಗ್ಗ ನಿಲ್ಲಿಸಿದಾಗಲೇ ಆಕೆಗೆ ಗಂಡನ ಸದ್ದು ಕೇಳಿದ್ದು. ಓಡಿಹೋಗಿ ನೋಡಿದರೆ ತುಟಿ ನೀಲಿಗಟ್ಟಿತ್ತು. ಬದುಕಿದ್ದೇ ಹೆಚ್ಚು.

ಹೊಸ ಪಟ್ಟಿ ಚಾಚಿದೆ. "ಬ್ಯಾಡ ಸಾ, ನಾ ಇವ್ರ ಪಕ್ಕದಲ್ಲೇ ಕೂತಿರ್ತೀನಿ" ಎಂದರು. ಆದರೆ ಹಾಸಿಗೆಯ ಮೇಲೆ ರಾಮಲಿಂಗಪ್ಪನವರ ಬೆರಳು ಬಾಗುತ್ತಲೇ ಇತ್ತು, ಕಣ್ಣು ಪಡಸಾಲೆಯ ಕಡೆಗಿತ್ತು. ಸಾವಿತ್ರಮ್ಮ ಕಣ್ಣೊರೆಸಿಕೊಂಡರು. "ಕಟ್ಟಿ ಸಾ. ಮಗ್ಗಕ್ಕೋಗು ಅಂತಾವ್ರೆ."

ಕಟ್ಟಿದೆ. ಬೆರಳು ಬಾಗಿದಾಗ ಬೆಲ್ ಆಯಿತು. ಮಡಿಸದೆ ಇಡುವ ಬಗೆಯನ್ನೂ ತೋರಿಸಿದೆ. ಆಕೆ ಮಗ್ಗಕ್ಕೆ ಕೂತು ಸ್ವಲ್ಪ ನೇಯ್ದರು, ನಿಲ್ಲಿಸಿದರು, ಎದ್ದು ಗಂಡನ ಮುಖ ನೋಡಿ ಬಂದರು. ಮತ್ತೆ ಸ್ವಲ್ಪ ಹೊತ್ತಿಗೆ ಎದ್ದರು.

"ಬೆಲ್ ಆಗಿಲ್ಲವಲ್ಲ ತಾಯಿ," ಎಂದೆ.

"ಆಗ್ಲಿ ಅಂತ ಕಾಯ್ಕಂಡು ಕೂರಾಕಾದದಾ ಸಾ?"

ಆಮೇಲೆ ಹೋದ ಯಾವ ಮನೆಯಲ್ಲೂ ನಾನು ಪಟ್ಟಿ ಕತ್ತರಿಸಿ ತೋರಿಸಿಲ್ಲ. ಕಟ್ಟುವ ಮೊದಲು ಒಂದೇ ಮಾತು ಹೇಳುತ್ತೇನೆ: ಇದು ಅವರು ನಿಮ್ಮನ್ನು ಕರೆಯುವುದಕ್ಕೆ, ಕರೆಯದಿದ್ದರೂ ಹೋಗಿ ನೋಡಿ.