ಮೂಗು ಬಿಟ್ಟರೂ ಒಲೆ ಬಿಡಲಿಲ್ಲ

ಜ್ವರ ಇಳಿದ ಮೇಲೆ ನನ್ನ ಮೂಗಿಗೆ ಯಾವ ವಾಸನೆಯೂ ತಿಳಿಯದಾಯಿತು. ಬೈಲಹೊಂಗಲದಲ್ಲಿ ಖಾನಾವಳಿ ನಡೆಸುವವಳಿಗೆ ಇದು ಸಣ್ಣ ಮಾತಲ್ಲ. ಒಂದು ಮಧ್ಯಾಹ್ನ ಒಗ್ಗರಣೆಯ ಬೆಳ್ಳುಳ್ಳಿ ಕರಕಲಾಗಿದ್ದು ಗೊತ್ತಾಗದೆ ಹಾಗೇ ಬಡಿಸಿಬಿಟ್ಟೆ. ಗಿರಾಕಿಗಳು ತಾಟು ಸರಿಸಿ ಎದ್ದು ಹೋದರು.

ಸಂಜೆ ಮೈದುನ ಬಂದು ಕುಳಿತ. "ಇನ್ನ ಸಾಕು ಮಾಡ್ರಿ ವೈನಿ. ವಾಸನಿನೇ ತಿಳಿಯೂದಿಲ್ಲಂದ್ರ ಅಡಗಿ ಹೆಂಗ ಮಾಡ್ತೀರಿ?"

"ನಾಲಿಗಿ ಐತಿ, ಕಣ್ಣ ಐತಿ. ಮಾಡತೇನಿ," ಎಂದೆ.

ಹಾಗೆ ಅಂದೆನೇ ಹೊರತು ಒಳಗೆ ಅಳುಕಿತ್ತು.

ಬೆಳಗಾವಿಯ ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುವ ತಂಗಿಯ ಮಗಳು ಹಬ್ಬಕ್ಕೆ ಬಂದಾಗ ಹಸಿರು ಪೇಸ್ಟಿನ ಟ್ಯೂಬೊಂದನ್ನು ತಂದಳು. ವಸಾಬಿ, ಜಪಾನಿನವರು ಮೀನಿನ ಜೊತೆ ತಿನ್ನುವ ಗಡ್ಡೆ ಎಂದಳು. ಚೂರು ನಾಲಿಗೆಗೆ ಇಟ್ಟುಕೊಂಡೆ. ಘಾಟು ನೆತ್ತಿಗೇರಿ ಕಣ್ಣೀರು ಸುರಿಯಿತು. ಎಷ್ಟೋ ತಿಂಗಳ ಮೇಲೆ ಮೂಗಿನೊಳಗೆ ಏನೋ ಆಗಿತ್ತು. ಅಲ್ಲೇ ನೆಲದ ಮೇಲೆ ಕುಳಿತು ನಕ್ಕೆ. ಮರುದಿನ ಹಸಿ ಸಾಸಿವೆಯನ್ನು ನೀರು ಹಾಕಿ ಅರೆದು ನೋಡಿದೆ, ಅದೇ ಘಾಟು ಬಂತು.

ಸುದ್ದಿ ಕೇಳಿದ ಮೈದುನ ವಸಾಬಿಯ ಗುಳಿಗೆ ತರಿಸಿದ. ವಾಸನೆ ಮರಳುತ್ತದೆ, ನೆನಪು ಚುರುಕಾಗುತ್ತದೆ ಎಂದು ಮಾರುವವನು ಹೇಳಿದ್ದನಂತೆ. ನುಂಗುವ ಮೊದಲು ಸವದತ್ತಿಯ ಕಿವಿ-ಮೂಗಿನ ಡಾಕ್ಟರಿಗೆ ಡಬ್ಬಿ ತೋರಿಸಿದೆ. ಅವರು ಸಮಾಧಾನದಿಂದ ತಿಳಿಸಿದರು. ಸಾಸಿವೆ, ಮೂಲಂಗಿ, ವಸಾಬಿ ಒಂದೇ ಬಳಗ. ಜಜ್ಜಿದಾಗ ಐಸೋಥಯೋಸಯನೇಟ್ ಎಂಬ ಅಂಶ ಹುಟ್ಟಿ ಘಾಟು ಬರುತ್ತದೆ. ಘಾಟು ತಿಳಿಸುವ ನರ ಬೇರೆ, ವಾಸನೆಯ ನರ ಬೇರೆ. ವಸಾಬಿಯಲ್ಲಿರುವ ಇಂಥದೇ ಒಂದು ಅಂಶ ವಯಸ್ಸಾದವರ ನೆನಪಿಗೆ ಒಳ್ಳೆಯದಿರಬಹುದು ಎಂಬ ಸುಳಿವಿದೆ, ಆದರೆ ಅದಿನ್ನೂ ಗಟ್ಟಿಯಾಗಿಲ್ಲ. "ಹೋದ ವಾಸನಿಗೆ ಇದು ಔಷಧ ಅಲ್ರಿ ಅಕ್ಕಾರ," ಎಂದರು. ದಿನಾ ಲವಂಗ, ನಿಂಬೆಹಣ್ಣು ಮೂಸಿ ಅಭ್ಯಾಸ ಮಾಡಲು ಹೇಳಿದರು.

ಡಬ್ಬಿಯನ್ನು ಮೈದುನನಿಗೆ ವಾಪಸು ಕೊಟ್ಟೆ. ಬೆಳ್ಳುಳ್ಳಿಯ ಬಣ್ಣ ನೋಡಿ ಒಗ್ಗರಣೆ ಇಳಿಸುವುದನ್ನು ಕಲಿತೆ. ಹಾಲು ಹುಳಿಯಾಗಿದೆಯೇ, ಗ್ಯಾಸ್ ಸೋರುತ್ತಿದೆಯೇ ಎಂದು ನೋಡಲು ನೆಗೆಣ್ಣಿ ಬೆಳಿಗ್ಗೆಯೇ ಬರುತ್ತಾಳೆ. ಅವಳ ಗಂಡ, ಅದೇ ನನ್ನ ಮೈದುನ, ಅದಕ್ಕೂ ಗೊಣಗುತ್ತಾನೆ, ಗೊಣಗಲಿ. ಮೂಲಂಗಿ ತುರಿದು, ಅರೆದ ಸಾಸಿವೆ ಕಲಸಿ, ಮೊಸರು ಹಾಕಿ ರೊಟ್ಟಿಯ ಪಕ್ಕ ಇಡತೊಡಗಿದೆ. ಗಿರಾಕಿಗಳು ಕಣ್ಣೊರೆಸಿಕೊಂಡು ಮತ್ತೆ ಕೇಳುತ್ತಾರೆ.

ಲವಂಗ ಈಗ ತುಸು ತಿಳಿಯುತ್ತದೆ. ಕೊತ್ತಂಬರಿ ನನಗಿನ್ನೂ ಬರೀ ಹುಲ್ಲು. ಮೊನ್ನೆ ಎಂ.ಕೆ. ಹುಬ್ಬಳ್ಳಿಯಿಂದ ಮದುವೆ ಮನೆಯವರು ಬಂದು, ಅಡುಗೆ ಮಾಡಿಕೊಡುತ್ತೀರಾ ಎಂದು ಕೇಳಿದರು. ಯಾರನ್ನೂ ಕೇಳದೆ ಒಪ್ಪಿಕೊಂಡೆ.