ನಾಲ್ಕು ನಿಮಿಷದ ಹಾಡೂ ಮೂರು ಪುಟದ ವಂದನಾರ್ಪಣೆಯೂ

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಮಗಳು ಬಾಂದ್ರಾದ ಮೂವರು ಹುಡುಗರ ಜೊತೆ ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದಳು. ಯಾವ ಕಂಪನಿಗೂ ಬೇಡವಾದ ತಮ್ಮ ಹಾಡನ್ನು ತಾವೇ ಕ್ಯಾಸೆಟ್ ಮಾಡಿದರು. ಒಂದು ಕ್ಯಾಸೆಟ್ಟಿಗೆ ಒಂದೇ ಹಾಡು. ಎರಡು ಬದಿಗೂ ಅದೇ. ಬಿಡುಗಡೆಯ ದಿನ ನಾಲ್ಕು ಜನರ ಎದುರು ಹಾಡುವವರೆಗೆ ನನಗೂ ಕೇಳಿಸುವುದಿಲ್ಲವೆಂದು ಅವಳ ಹಟ.

ಪರೇಲಿನ ನಮ್ಮ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿ. ಭಾನುವಾರ ಸಂಜೆ ಏಳರವರೆಗೆ ಹಾಲ್ ಕೊಡಿಸಿದೆ.

"ಸ್ಟೇಜ್ ಮೇಲೆ ಹೋಗ್ತೀವಿ, ಹಾಡ್ತೀವಿ, ಬಸ್. ಭಾಷಣ ಗೀಷಣ ಬೇಡ ಅಪ್ಪ," ಎಂದಳು.

ಇಪ್ಪತ್ತು ವರ್ಷ ಸಂಘ ನಡೆಸಿದವನಿಗೆ ಹೇಳುವ ಮಾತೇ ಇದು? ಪ್ರಾರ್ಥನೆ, ಸ್ವಾಗತ, ದೀಪ, ಅತಿಥಿಗಳ ನುಡಿ, ಅಧ್ಯಕ್ಷರ ಭಾಷಣ, ಆಮೇಲೆ ಹಾಡು, ಕಡೆಗೆ ನನ್ನ ವಂದನಾರ್ಪಣೆ. ಅದನ್ನು ಒಂದು ವಾರ ಕೂತು ಮೂರು ಪುಟ ಬರೆದಿದ್ದೆ.

ಮುಖ್ಯ ಅತಿಥಿಗಳು ಉಡುಪಿ ಕಡೆಯ ಹೋಟೆಲ್ ಮಾಲೀಕರು. "ನನಗೆ ಭಾಷಣ ಎಲ್ಲ ಬರುವುದಿಲ್ಲ ಮಾರಾಯ್ರೆ, ಎರಡೇ ಮಾತು," ಎಂದು ಎದ್ದರು. ಎರಡನೆಯ ಮಾತಿಗೆ ಬರುವಾಗ ಮುಕ್ಕಾಲು ಗಂಟೆಯಾಗಿತ್ತು. ಅಧ್ಯಕ್ಷರು ಸಂಘದ ಇತಿಹಾಸಕ್ಕೇ ಕೈಹಾಕಿದರು. ವೇದಿಕೆಯ ಪಕ್ಕದಲ್ಲಿ ಮಗಳು ಗಿಟಾರ್ ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದಳು.

ಅಧ್ಯಕ್ಷರು ಕೂರುವ ಹೊತ್ತಿಗೆ ಏಳಕ್ಕೆ ಆರು ನಿಮಿಷ. ವಾಚ್‌ಮನ್ ಬೀಗದ ಕೈ ಅಲ್ಲಾಡಿಸುತ್ತ ಬಂದ. "ಸಾಬ್, ಶಾದಿವಾಲೇ ಬಾಹರ್ ಖಡೇ ಹೈಂ. ಸಾತ್ ಬಜೇ ಖಾಲಿ." ಏಳರಿಂದ ಹಾಲ್ ಮದುವೆಯವರದು.

ವಂದನಾರ್ಪಣೆ ಬಿಟ್ಟರೆ ಅತಿಥಿಗಳಿಗೆ ಜನ್ಮದ ಮುನಿಸು. ಓದಿದರೆ ಹಾಡಿಲ್ಲ.

"ಛೋಡೋ ಅಪ್ಪ, ಇನ್ನೊಂದ್ಸಲ ಹಾಡಿದ್ರಾಯ್ತು," ಎಂದಳು ಮಗಳು. ಅವಳ ಎಡಗೈ ಬೆರಳು ಮಾತ್ರ ತಂತಿ ಬಿಟ್ಟಿರಲಿಲ್ಲ.

ನಾನು ಮೈಕಿನ ಮುಂದೆ ನಿಂತು, "ಎಲ್ಲರಿಗೂ ವಂದನೆಗಳು. ಈಗ ಹಾಡು," ಎಂದು ಕೆಳಗಿಳಿದೆ. ನನ್ನ ಸಾರ್ವಜನಿಕ ಜೀವನದಲ್ಲಿ ಇದಕ್ಕಿಂತ ದೊಡ್ಡ ತ್ಯಾಗ ನಡೆದಿಲ್ಲ.

ಹಾಡಿನ ಇಂಗ್ಲಿಷು ನನಗೆ ಅರ್ಧ ತಿಳಿಯಿತು. ಆದರೆ ಅವಳು ಕಣ್ಣು ಮುಚ್ಚಿದ ಕಡೆಯಲ್ಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು. ಬಾಗಿಲಲ್ಲಿ ಮದುವೆಯವರು ಹೂವಿನ ಬುಟ್ಟಿ ಹಿಡಿದು ಕೇಳಿದರು. ಮುಖ್ಯ ಅತಿಥಿಗಳ ಬಲಗಾಲು ಅವರ ಅನುಮತಿಯಿಲ್ಲದೆ ತಾಳ ಹಾಕುತ್ತಿತ್ತು.

ಮನೆಯಿದ್ದ ಘಾಟ್ಕೋಪರ್‌ಗೆ ಸ್ಲೋ ಲೋಕಲ್ ರೈಲು ಹಿಡಿದೆವು. ಕೂರಲು ಜಾಗ ಸಿಕ್ಕಿತು.

"ಆ ಮೂರು ಪೇಜ್ ಎಲ್ಲಿ ಅಪ್ಪ? ಓದಿ."

"ಈಗ್ಯಾಕೆ? ಎಲ್ಲ ಮುಗೀತಲ್ಲ."

"ನಂಗೆ ಕನ್ನಡ ಓದೋಕೆ ಬರಲ್ಲ. ನೀವೇ ಓದ್ಬೇಕು."

ಓದಿದೆ. ದಾದರ್‌ವರೆಗೆ ಅತಿಥಿಗಳು; ಸಯನ್ ಹತ್ತಿರ ಮೈಕಿನವರು, ದೀಪಕ್ಕೆ ಎಣ್ಣೆ ತಂದವರು. ಕುರ್ಲಾ ದಾಟಿದ ಮೇಲೆ ಕೊನೆಯ ಸಾಲು: "ಎರಡು ವರ್ಷ ಮನೆಯಲ್ಲಿ ಗದ್ದಲವೆಬ್ಬಿಸಿ, ಅದಿಲ್ಲದ ದಿನ ನನಗೆ ಊಟ ಸೇರದಂತೆ ಮಾಡಿದ ನನ್ನ ಮಗಳಿಗೂ ವಂದನೆಗಳು."

ಅವಳು ಕಿಟಕಿಯ ಕಡೆ ತಿರುಗಿದಳು. ಹೊರಗೆ ನೋಡುತ್ತಲೇ, "ಫಿರ್ ಸೇ, ಅಪ್ಪ. ಲಾಸ್ಟ್ ಲೈನ್," ಎಂದಳು.

ಕೊನೆಯ ಸಾಲನ್ನಷ್ಟೇ ಓದುವುದು ಕ್ರಮವಲ್ಲ. ಮುಖ್ಯ ಅತಿಥಿಗಳಿಂದ ಮತ್ತೆ ಶುರು ಮಾಡಿದೆ. ಘಾಟ್ಕೋಪರ್ ಬಂದಾಗ ಇನ್ನೂ ಮೈಕಿನವರ ಹತ್ತಿರವೇ ಇದ್ದೆವು. ಅವಳು ಏಳಲಿಲ್ಲ. ನಾನೂ ಏಳಲಿಲ್ಲ.