ಮೊದಲು ರೊಟ್ಟಿ, ಆಮೇಲೆ ಪ್ರಾರ್ಥನೆ

ಇಂದು ಸಂಜೆ ಪಕ್ಕದ ಮನೆಯಲ್ಲಿ ಯಾರೋ ಜೋಳದ ರೊಟ್ಟಿ ಸುಡುತ್ತಿದ್ದರು. ನಾನು ಆಗಷ್ಟೇ ಆಸ್ಪತ್ರೆಯಿಂದ ಬಂದು, ಶೂ ಕೂಡ ಬಿಚ್ಚದೆ, ತಿರುಗಿ ಅಲ್ಲಿಗೇ ಹೊರಡಲು ನಿಂತಿದ್ದೆ. ವಾರ್ಡಿನಲ್ಲಿ ನಾನು ಆರೈಕೆ ಮಾಡುತ್ತಿದ್ದ ಮಗುವೊಂದು ತೀರಿಕೊಂಡಿತ್ತು. ಅದು ಸಾಲದೆಂಬಂತೆ ಮೇಟ್ರನ್ ಎಲ್ಲರೆದುರು ನನ್ನನ್ನೇ ಬೈದಿದ್ದಳು. ಟಾಂಗಾದಲ್ಲಿ ಕೂತು ದಾರಿಯುದ್ದಕ್ಕೂ ಅವಳಿಗೆ ಕೊಡಬೇಕಾದ ಉತ್ತರಕ್ಕೆ ಸಾಣೆ ಹಿಡಿದಿದ್ದೆ. ಅದನ್ನು ಮುಖಕ್ಕೆ ಹೇಳಿ ಕೆಲಸ ಬಿಟ್ಟು ಬರುವುದೊಂದೇ ಬಾಕಿ. ಆದರೆ ಆ ವಾಸನೆ ಕಾಲು ಹಿಡಿದುಕೊಂಡಿತು, ನೋಡಿ.

ಪುಣೆಯ ಪಕ್ಕದ ಖಡಕಿಯಲ್ಲಿದ್ದ ನನ್ನ ಕರುಣತ್ತಿಯ ಮನೆಗೂ ಇದೇ ವಾಸನೆ. ದಾದಿಯ ಕೆಲಸ ಕಲಿಯುವಾಗ ನಾನು ಅಲ್ಲಿದ್ದೆ. ಧಾರವಾಡದ ಕಡೆಯ ಕ್ರೈಸ್ತರು ನಾವು. ಪ್ರಾರ್ಥನೆ ಆಗದೆ ತುತ್ತು ಮುಟ್ಟುವಂತಿರಲಿಲ್ಲ. ಅತ್ತಿಯ ಪ್ರಾರ್ಥನೆಯೋ, ಊರಿನ ಬಂಧುಗಳಿಂದ ಹಿಡಿದು ಲಂಡನ್ನಿನ ಚಕ್ರವರ್ತಿಯವರೆಗೆ ಎಲ್ಲರ ಕ್ಷೇಮ ವಿಚಾರಿಸಿಕೊಂಡು ಬರುತ್ತಿತ್ತು. ಅಷ್ಟರಲ್ಲಿ ಪಲ್ಯ ಆರುತ್ತಿತ್ತು. ನಾನು ಒಂದು ಕಣ್ಣು ತೆರೆದು ರೊಟ್ಟಿ ಕಾಯುತ್ತಿದ್ದೆ. ನನ್ನ ಭಕ್ತಿ ಅಷ್ಟರದ್ದು.

ಅತ್ತಿಯ ತಮ್ಮ ದಾನಿಯೇಲ ಕಾಕಾ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದ. ಒಂದು ಕಾಲಕ್ಕೆ ಕುಡಿದು ಮನೆ ಮುಳುಗಿಸಿದವನು, ಹೆಂಡತಿಯ ಮಾತಿಗೆ ಕಟ್ಟುಬಿದ್ದು ಕುಡಿತ ಬಿಟ್ಟಿದ್ದ. ಆ ಹೆಂಡತಿಯೇ ಜ್ವರದಲ್ಲಿ ತೀರಿಕೊಂಡಳು. ಮಣ್ಣು ಕೊಟ್ಟ ಮರುದಿನ ಸಂಜೆ ಅವನು ಬಂದು ಬಾಗಿಲಲ್ಲಿ ನಿಂತ.

"ಅಕ್ಕಾ, ದಾರೂ ಅಂಗಡಿ ತನಕಾ ಹೋಗಿ ಬಂದೀನಿ. ಪ್ರಾರ್ಥನಾ ಮಾಡು, ಇಲ್ಲಾಂದ್ರ ತಿರುಗಿ ಹೋಗ್ತೀನಿ."

"ಕೈ ತೊಳಕೊಂಡು ಬಾ. ಮದಲ ಉಣ್ಣು," ಎಂದಳು ಅತ್ತಿ.

"ಪ್ರಾರ್ಥನಾ?"

"ದೇವರು ಎಲ್ಲೂ ಹೋಗಂಗಿಲ್ಲ. ರೊಟ್ಟಿ ಆರತಾವ. ಯೇಸುಸ್ವಾಮಿ ಹತ್ರ ಸೈತಾನ ಯಾವಾಗ ಬಂದ? ನಲವತ್ತು ದಿನ ಉಪಾಸ ಇದ್ದು ಹಸಿದಾಗ. ನೀ ನಿನ್ನಿಯಿಂದ ಏನರೆ ಉಂಡಿಯೇನು?"

"ಆತ ಹಸಿದಿದ್ರೂ ಗೆದ್ದನಲ್ಲಕ್ಕಾ."

"ಆತ ದೇವರ ಮಗ. ನೀ ನಮ್ಮಪ್ಪನ ಮಗ. ಉಣ್ಣು."

ಕಾಕಾ ಉಂಡ. ಅಳುತ್ತಲೇ ಉಂಡ; ಅತ್ತಿ ಬಡಿಸುತ್ತಲೇ ಹೋದಳು. ಆಮೇಲೆ ಗೋಡೆಗೊರಗಿ ಅಲ್ಲೇ ನಿದ್ದೆ ಹೋದ. ಅವನ ತಲೆಯ ಮೇಲೆ ಕೈಯಿಟ್ಟು ಅತ್ತಿ, "ತಂದೀ, ಇವನ್ನ ಕಾಯಿ" ಎಂದಳು. ಅವಳ ಬಾಯಲ್ಲಿ ಅಷ್ಟು ಚಿಕ್ಕ ಪ್ರಾರ್ಥನೆಯನ್ನು ನಾನು ಮತ್ತೆಂದೂ ಕೇಳಲಿಲ್ಲ. ಮರುದಿನವೂ ಕಾಕಾನಿಗೆ ಕುಡಿಯುವ ಆಸೆ ಬಂತು. ಮರುದಿನವೂ ರೊಟ್ಟಿಗೆ ಬಂದ. ಹೀಗೆ ಬಂದು ಬಂದೇ ದಾರೂ ಮುಟ್ಟದೆ ಉಳಿದುಕೊಂಡ.

ಇದೆಲ್ಲ ನೆನೆದು ನಾನು ಶೂ ಬಿಚ್ಚಿದೆ. ಮನೆಯಲ್ಲಿದ್ದದ್ದು ತಂಗಳು ರೊಟ್ಟಿ, ಶೇಂಗಾ ಚಟ್ನಿ. ಉಂಡು ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಆ ಮಗುವಿಗಾಗಿ ಅಳು ಬಂತು. ಅಲ್ಲಿಯವರೆಗೆ ಸಿಟ್ಟು ಅದಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ. ಅತ್ತು ಮುಗಿದ ಮೇಲೆ ಇನ್ನೊಂದು ನೆನಪಾಯಿತು. ಬೆಳಗಿನಿಂದ ಆ ಮಗುವಿನ ಹಾಸಿಗೆಯ ಪಕ್ಕ ಬಿಟ್ಟು ಮೇಟ್ರನ್ ಕೂಡ ಕದಲಿರಲಿಲ್ಲ, ಏನೂ ತಿಂದಿರಲಿಲ್ಲ. ನಾಳೆ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚು ಕಟ್ಟಿಕೊಳ್ಳಬೇಕು.